ಮೇಷ್ಟ್ರಿಗೆ ಸಿಗಬೇಕಾಗಿದ್ದ ಐದು ವರ್ಷ

ನಮ್ಮ ಮೇಷ್ಟ್ರ ಬಗ್ಗೆ ಕೃಷ್ಣರಾಜಪುರದ ಹಳಬರು ಇವತ್ತಿಗೂ ಕೈಮುಗಿದು ಮಾತಾಡುತ್ತಾರೆ. ಮೂವತ್ತು ಚಿಲ್ಲರೆ ವರ್ಷ ಒಂದೇ ಸ್ಕೂಲಿನಲ್ಲಿ ಪಾಠ ಹೇಳಿದವರು, ಊರಿನ ಮುಕ್ಕಾಲು ಪಾಲು ಜನಕ್ಕೆ ಅಕ್ಷರ ಕಲಿಸಿದವರು, ಒಂದು ದಿನವೂ ತಡವಾಗಿ ಬಂದವರಲ್ಲ ಎನ್ನುತ್ತಾರೆ. ಎಲ್ಲ ನಿಜ. ನಾನೂ ಅವರ ಶಿಷ್ಯೆಯೇ. ಆದರೆ ಅವರ ನೌಕರಿ ಮುಗಿದ ಬಗೆಯ ಮಾತು ಬಂದಾಗ ಎಲ್ಲರೂ "ಪಾಪ, ಅವರ ಹಣೇಲಿ ಬರೆದಿರಲಿಲ್ಲ" ಎಂದು ಉಸಿರುಬಿಟ್ಟು ಸುಮ್ಮನಾಗುತ್ತಾರೆ. ಹಣೆಬರಹಕ್ಕೂ ಅದಕ್ಕೂ ಸಂಬಂಧವಿಲ್ಲ. ಅವರಿಗೆ ಇನ್ನೂ ಐದು ವರ್ಷದ ನೌಕರಿ ಇತ್ತು. ಅದನ್ನು ತಪ್ಪಿಸಿದವಳು ನಾನು. ಇದನ್ನು ಬರೆದರೆ ಮನಸ್ಸು ಹಗುರವಾಗುತ್ತದೆ ಎಂಬ ಭ್ರಮೆಯೇನೂ ನನಗಿಲ್ಲ. ಸುಳ್ಳು ಕೇಳಿ ಕೇಳಿ ಸಾಕಾಗಿದೆ, ಅಷ್ಟೇ.

ಎತ್ತರದ ಆಳು. ಬಿಳಿ ಪೇಟ, ಮೊಣಕೈಗೆ ತೇಪೆ ಹಾಕಿದ ಕರೀ ಕೋಟು, ಬಿಸಿಲಿರಲಿ ಮಳೆಯಿರಲಿ ಕಂಕುಳಲ್ಲಿ ಒಂದು ಕೊಡೆ. ಮಗ್ಗಿ ತಪ್ಪಿದರೆ ರೂಲುದೊಣ್ಣೆಯಿಂದ ಬೆರಳ ಗೆಣ್ಣಿನ ಮೇಲೆ ಹೊಡೆಯುತ್ತಿದ್ದರು. ಮಾಗಿಯ ಚಳಿಯಲ್ಲಿ ಆ ಏಟು ಬಿದ್ದರೆ ಸಾಯಂಕಾಲದವರೆಗೆ ಬಳಪ ಹಿಡಿಯಲು ಆಗುತ್ತಿರಲಿಲ್ಲ. ಹೊಡೆತವನ್ನಾದರೂ ತಡೆಯಬಹುದಿತ್ತು, ಅವರ ಮಾತನ್ನಲ್ಲ. ಭಾಗಾಕಾರ ಬಾರದ ಒಬ್ಬ ಹುಡುಗನಿಗೆ, "ನಿಮ್ಮಪ್ಪನ ಎಮ್ಮೆಗೆ ಹೇಳ್ಕೊಟ್ಟಿದ್ರೆ ಇಷ್ಟು ಹೊತ್ತಿಗೆ ಪಾಸಾಗಿರೋದು" ಎಂದರು. ಆ ಹುಡುಗ ಊರು ಬಿಟ್ಟು ಹೋಗುವವರೆಗೂ ಅವನಿಗೆ ಎಮ್ಮೆ ಎಂದೇ ಹೆಸರಾಯಿತು. ಹಾಗೆ ಕರೆದವರು ನಾವೇ, ಮೇಷ್ಟ್ರಲ್ಲ. ನಾವು ಮಕ್ಕಳು ಅವರಿಗಿಂತ ಕೆಟ್ಟವರಾಗಿದ್ದೆವು. ಬೇರೆಯವರಿಗೆ ಏಟು ಬೀಳುವುದನ್ನು ನೋಡಲು ಕಣ್ಣರಳಿಸಿ ಕಾಯುತ್ತಿದ್ದೆವು.

ಅವರ ಮೇಜಿನ ಪಕ್ಕದಲ್ಲಿ ಒಂದು ತಗಡಿನ ಟ್ರಂಕು. ಅದರೊಳಗೆ ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟ ದಾಖಲಾತಿ ರಿಜಿಸ್ಟರು. ಊರಿನಲ್ಲಿ ಯಾರು ಯಾವಾಗ ಹುಟ್ಟಿದರೆಂದು ಯಾರೂ ಬರೆದಿಡದ ಕಾಲ ಅದು. ಸ್ಕೂಲಿಗೆ ಸೇರಿಸಲು ಮಗುವನ್ನು ಕರೆತಂದರೆ ಮೇಷ್ಟ್ರು ಅದರ ಬಲಗೈಯನ್ನು ನೆತ್ತಿಯ ಮೇಲಿಂದ ತಂದು ಎಡಗಿವಿ ಮುಟ್ಟಿಸಲು ಹೇಳುತ್ತಿದ್ದರು. ಬೆರಳು ಕಿವಿಗೆ ತಾಗಿದರೆ ಐದು ತುಂಬಿತು ಎಂದು ಲೆಕ್ಕ. ಅವತ್ತೇ ಒಂದು ಹುಟ್ಟಿದ ತಾರೀಖನ್ನು ತಾವೇ ಯೋಚಿಸಿ ಬರೆದುಬಿಡುತ್ತಿದ್ದರು. ತಾಗದಿದ್ದರೆ ಮುಂದಿನ ವರ್ಷ ಬಾ ಎಂದು ವಾಪಸ್ಸು ಕಳಿಸುತ್ತಿದ್ದರು. ನಾನು ಗಿಡ್ಡಿ, ತೋಳೂ ಮೋಟು. ಮೊದಲನೆಯ ವರ್ಷ ತಾಗಲಿಲ್ಲ, ಎರಡನೆಯ ವರ್ಷವೂ ತಾಗಲಿಲ್ಲ. ಮೂರನೆಯ ವರ್ಷ ಕತ್ತು ಒಂದಿಷ್ಟು ವಾಲಿಸಿ ಮುಟ್ಟಿದೆ. ಹೀಗೆ ಏಳು ವರ್ಷದ ನಾನು ರಿಜಿಸ್ಟರಿನಲ್ಲಿ ಐದು ವರ್ಷದವಳಾದೆ. ಅಪ್ಪನಿಗೆ ಅದರಿಂದ ಏನೂ ಅನ್ನಿಸಲಿಲ್ಲ. ಹೆಣ್ಣುಮಗುವಿನ ವಯಸ್ಸು ಕಡಿಮೆಯಿದ್ದಷ್ಟೂ ಒಳ್ಳೆಯದೆಂದು ನಕ್ಕರಂತೆ.

ಓದಿನಲ್ಲಿ ನಾನು ಚುರುಕು. ಬಾಯಿಲೆಕ್ಕದಲ್ಲಿ ಗಂಡುಹುಡುಗರನ್ನು ಹಿಂದೆ ಹಾಕುತ್ತಿದ್ದೆ. ಮೇಷ್ಟ್ರು ಹೊಗಳುವವರಲ್ಲ, ಆದರೆ ನನ್ನ ಉಕ್ತಲೇಖನದ ಸ್ಲೇಟನ್ನು ಒರೆಸದೆ ಬೇರೆಯವರಿಗೆ ತೋರಿಸುತ್ತಿದ್ದರು. ಎಲ್.ಎಸ್., ಅಂದರೆ ಲೋವರ್ ಸೆಕೆಂಡರಿ ಪರೀಕ್ಷೆಯ ವರ್ಷ ಸ್ಕೂಲು ಬಿಟ್ಟ ಮೇಲೆ ತಮ್ಮ ಮನೆಗೇ ಕರೆದು ಪಾಠ ಹೇಳಿದರು. ಅವರ ಹೆಂಡತಿ ನನಗೆ ಮಜ್ಜಿಗೆ ಕೊಟ್ಟು ತಲೆ ಸವರುತ್ತಿದ್ದರು. ಅವರ ಮಗಳು ಆಗ ಹನ್ನೆರಡು ಹದಿಮೂರರ ಹುಡುಗಿ. ನನ್ನ ಪಕ್ಕ ಕೂತು ನನ್ನ ಪುಸ್ತಕಗಳಿಗೆ ಕಾಗದದ ಹೊದಿಕೆ ಹಾಕಿಕೊಡುತ್ತಿದ್ದಳು. ನಾನು ಪಾಸಾದ ದಿನ ಮೇಷ್ಟ್ರೇ ನಮ್ಮ ಮನೆಗೆ ಬಂದು ಜಗಲಿಯ ಮೇಲೆ ಕೂತು ಅಪ್ಪನಿಗೆ, "ಇವಳನ್ನ ಟ್ರೈನಿಂಗಿಗೆ ಕಳಿಸಿ. ಮೇಡಮ್ಮಾಗ್ತಾಳೆ. ಮನೇಲಿ ಕೂರಿಸೋ ತಲೆ ಅಲ್ಲ ಇದು" ಎಂದರು. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಬೆಂಗಳೂರಿನ ಹೆಣ್ಣುಮಕ್ಕಳ ಟ್ರೈನಿಂಗ್ ಸ್ಕೂಲು, ಹಾಸ್ಟೆಲು, ಬಿಳಿ ಸೀರೆ, ಕೈಯಲ್ಲಿ ಹಾಜರಿ ಪುಸ್ತಕ. ಅಲ್ಲಿಯವರೆಗೆ ನನಗೆ ಇಲ್ಲದಿದ್ದ ಆಸೆಯನ್ನು ಹುಟ್ಟಿಸಿದವರು ಅವರೇ.

ಅರ್ಜಿ ತುಂಬಿಸಲು ಕೂತಾಗ ಗೊತ್ತಾಯಿತು, ಟ್ರೈನಿಂಗಿಗೆ ಹದಿನಾರು ತುಂಬಿರಬೇಕು. ನನಗೆ ತುಂಬಿತ್ತು. ರಿಜಿಸ್ಟರಿನ ಪ್ರಕಾರ ಹದಿನಾಲ್ಕೂವರೆ. ಅಪ್ಪ ಅಜ್ಜಿಯನ್ನು ಕರೆದುಕೊಂಡು ಸ್ಕೂಲಿಗೆ ಹೋದರು. ಹಿಂದೆ ನಾನು. ಅಜ್ಜಿ ಅಪ್ಪನ ತಾಯಿ, ಹೊರಮಾವಿನವಳು. ಸುತ್ತಮುತ್ತ ನಮ್ಮವರ ಮನೆಗಳಲ್ಲಿ ಹೆರಿಗೆ ಮಾಡಿಸುತ್ತಿದ್ದವಳು. ನಾನು ಹುಟ್ಟಿದ್ದೂ ಅವಳ ಕೈಯಲ್ಲೇ. ಮೇಷ್ಟ್ರು ಟ್ರಂಕು ತೆರೆದರು, ಕೆಂಪು ಬಟ್ಟೆ ಬಿಚ್ಚಿದರು, ನನ್ನ ಹೆಸರಿನ ಮೇಲೆ ಬೆರಳಿಟ್ಟರು, ಮತ್ತೆ ಮುಚ್ಚಿದರು.

"ಬಾಯಿಮಾತಿಗೆ ರಿಜಿಸ್ಟರ್ ತಿದ್ದೋಕಾಗಲ್ಲ."

"ನಾನೇ ಕೈಯ್ಯಾರೆ ಎತ್ತಿದ ಕೂಸು ಕಣಪ್ಪಾ" ಎಂದಳು ಅಜ್ಜಿ.

"ಇರಬಹುದಮ್ಮಾ. ಇವಳೊಬ್ಬಳಿಗೆ ತಿದ್ದಿದ್ರೆ ನಾಳೆ ಊರೆಲ್ಲಾ ಬಂದು ನಿಲ್ತಾರೆ."

ಅದೂ ಸುಳ್ಳಲ್ಲ. ಯುದ್ಧ ನಡೆಯುತ್ತಿದ್ದ ಕಾಲ. ಮದರಾಸು ರಸ್ತೆಯಲ್ಲಿ ಹಗಲೆಲ್ಲ ಮಿಲಿಟರಿ ಲಾರಿಗಳು. ಮೀಸೆ ಮೂಡದ ಹುಡುಗರೆಲ್ಲ ಹದಿನೆಂಟಾಯಿತೆಂದು ಬರೆಸಿಕೊಂಡು ದಂಡಿಗೆ ಸೇರಲು ಮೇಷ್ಟ್ರ ಬಾಗಿಲಿಗೆ ಬರುತ್ತಿದ್ದರು. ಅವರು ಒಬ್ಬನಿಗೂ ಬರೆದುಕೊಡಲಿಲ್ಲ. ಹಾಗೆ ಉಳಿದ ಹುಡುಗರ ತಾಯಂದಿರು ಅವರಿಗೆ ಕೈಮುಗಿಯುತ್ತಿದ್ದರು. ಅವರೆಲ್ಲರಿಗೆ ಇಲ್ಲವೆಂದು ನನಗೊಬ್ಬಳಿಗೆ ಹೂಂ ಎನ್ನಲು ಅವರಿಂದ ಸಾಧ್ಯವಿರಲಿಲ್ಲ. ನ್ಯಾಯ ಅವರ ಕಡೆಗೇ ಇತ್ತು, ಅದಕ್ಕೇ ನನ್ನ ಹೊಟ್ಟೆ ಇನ್ನಷ್ಟು ಉರಿಯಿತು. ಅಪ್ಪ ಒಂದೂವರೆ ವರ್ಷ ಕಾಯುವ ಜಾತಿಯಲ್ಲ. ಎರಡು ತಿಂಗಳೊಳಗೆ ಹಲಸೂರಿನ ಸಂಬಂಧ ಬಂತು, ಮದುವೆ ಮುಗಿಸಿದರು. ಮೇಷ್ಟ್ರು ಮದುವೆಗೆ ಬಂದು ಅಕ್ಷತೆ ಹಾಕಿ, ಹೋಳಿಗೆ ಚೆನ್ನಾಗಿದೆ ಎಂದು ಹೇಳಿ ಹೋದರು.

ಹಲಸೂರಿನ ನಮ್ಮ ಮನೆ ಮರ್ಫಿ ಟೌನಿಗೆ ಹತ್ತಿರ, ಆರು ಸಂಸಾರಗಳ ವಠಾರ. ಗಂಡ ಮಿಲಿಟರಿ ಉಗ್ರಾಣದಲ್ಲಿ ಗುಮಾಸ್ತರು, ಸೈಕಲ್ಲಿನಲ್ಲಿ ಹೋಗಿಬರುತ್ತಿದ್ದರು. ಕೆಟ್ಟವರಲ್ಲ. ಅತ್ತೆಯದು ಮಾತ್ರ ಮೂಗಿನ ತುದಿಯಲ್ಲಿ ಸಿಟ್ಟು. ನಾನು ಪೇಪರು ಹಿಡಿದರೆ ಸಾಕು, "ಕಲೆಕ್ಟ್ರಮ್ಮ ಕಚೇರಿ ಮಾಡ್ತಾವ್ಳೆ" ಎಂದು ಬೀದಿಗೆಲ್ಲ ಕೇಳಿಸುವಂತೆ ಹೇಳುತ್ತಿದ್ದರು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಪೇಪರು ಹಿಡಿಯುವುದನ್ನು ನಾನೇ ಬಿಟ್ಟೆ. ನೀರಿಗೆ ಸಾಲು ನಿಂತು ಪಕ್ಕದ ಮನೆಯ ತಮಿಳಮ್ಮನೊಂದಿಗೆ ಜಗಳವಾಡಲು ಕಲಿತೆ. ಬೆಳಿಗ್ಗೆ ಬಿಳಿ ಸೀರೆಯ ಮೇಡಮ್ಮಗಳು ಕೊಡೆ ಹಿಡಿದು ಸ್ಕೂಲಿಗೆ ಹೋಗುವುದು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದೆ.

ಸ್ವಾತಂತ್ರ್ಯ ಬಂದ ಮಾರನೆಯ ವರ್ಷದ ಮಾತು. ಅಪ್ಪ ಅಷ್ಟರಲ್ಲಿ ತೀರಿಕೊಂಡಿದ್ದರು. ಅಜ್ಜಿಗೆ ಎರಡೂ ಕಣ್ಣಿಗೆ ಪೊರೆ ಬಂದು, ದಂಡಿನ ಆಸ್ಪತ್ರೆಯಲ್ಲಿ ತೋರಿಸಬೇಕೆಂದು ನಮ್ಮ ಮನೆಗೇ ಕರೆತಂದು ಇಟ್ಟುಕೊಂಡಿದ್ದೆ. ಮುಖದ ಹತ್ತಿರ ಕೈ ಹಿಡಿದರೆ ನೆರಳು ಕಾಣುತ್ತಿತ್ತು, ಅಷ್ಟೇ. ಒಂದು ಭಾನುವಾರ ಬೆಳಿಗ್ಗೆ ಮೇಷ್ಟ್ರು ವಠಾರದ ಬಾಗಿಲಲ್ಲಿ ನಿಂತಿದ್ದರು. ಅದೇ ಕೋಟು. ತೇಪೆಯ ಮೇಲೆ ಇನ್ನೊಂದು ತೇಪೆ. ಹೆಂಡತಿ ಹೋಗಿ ಎರಡು ವರ್ಷವಾಗಿತ್ತು. ಅವರು ನನ್ನನ್ನಲ್ಲ, ಅಜ್ಜಿಯನ್ನು ನೋಡಲು ಬಂದಿದ್ದರು.

ಅವರ ತೊಂದರೆ ಹೀಗಿತ್ತು. ಸರ್ಕಾರದ ಪುಸ್ತಕದಲ್ಲಿ ಅವರಿಗೆ ಐವತ್ತೈದು ತುಂಬಿತ್ತು, ಪರೀಕ್ಷೆ ಮುಗಿದ ಕೂಡಲೇ ನಿವೃತ್ತಿ. ನಿಜವಾಗಿ ಅವರಿಗೆ ಐವತ್ತು. ಹೇಗೆಂದು ಅಜ್ಜಿಯೇ ಹೇಳಿದಳು. ಅವಳಿಗೆ ಎಷ್ಟು ಖುಷಿಯೆಂದರೆ ಮೇಷ್ಟ್ರ ಮುಖವನ್ನು ಎರಡು ಕೈಯಲ್ಲಿ ಹಿಡಿದು ಸವರುತ್ತಲೇ ಮಾತಾಡಿದಳು.

"ನಿಂಗೊಬ್ಬ ಅಣ್ಣ ಇದ್ದ ಕಣಪ್ಪಾ. ಐದು ವರ್ಷದೋನು. ಐಗಳ ಮಠಕ್ಕೆ ಹಾಕಿ ಮೂರು ತಿಂಗಳಾಗಿತ್ತು, ಪಿಳೇಗು ಬಂತು. ಊರು ಬಿಟ್ಟು ಹೊಲದಾಗೆ ಗುಡ್ಲು ಹಾಕ್ಕಂಡಿದ್ವಿ. ಅಲ್ಲೇ ಹೋದ. ಅವನು ಹೋಗಿ ಒಂಬತ್ತು ದಿನಕ್ಕೆ ನೀನು ಹುಟ್ಟಿದೆ, ಅದೇ ಗುಡ್ಲಾಗೆ. ಹೊಕ್ಕುಳು ಕೊಯ್ದೋಳು ನಾನು. ನಿಮ್ಮವ್ವ, ಹೋದೋನೇ ತಿರುಗಿ ಬಂದವ್ನೆ ಅಂತ ಅವನ ಹೆಸರೇ ಕಟ್ಟಿದ್ಲು."

ಆಮೇಲಿನದನ್ನು ಮೇಷ್ಟ್ರು ಸೇರಿಸಿದರು. ಅವರನ್ನು ಅಕ್ಷರ ಕಲಿಸುವ ಆ ಮಠಕ್ಕೆ ಹಾಕಲು ಹೋದಾಗ ಐಗಳು ಹಳೆಯ ಪುಸ್ತಕ ತೆಗೆದು ನೋಡಿದರಂತೆ. ಅದೇ ಹೆಸರು, ಅದೇ ತಂದೆಯ ಹೆಸರು, ಅದೇ ಊರು. "ಆಗ್ಲೇ ಸೇರಿದ್ದೀಯಲ್ಲೋ, ಇಷ್ಟು ವರ್ಷ ಎಲ್ಲಿ ಹಾಳಾಗೋಗಿದ್ದೆ" ಎಂದು ಬೆನ್ನಿಗೆರಡು ಬಿಗಿದು, ಸತ್ತ ಅಣ್ಣನ ಸಾಲಿನಲ್ಲೇ ತಮ್ಮನನ್ನು ಕೂರಿಸಿದರು. ತಂದೆಗೆ ಓದು ಬರದು. ಅಲ್ಲಿಂದ ಆ ತಾರೀಖು ಸ್ಕೂಲಿಗೆ, ಪರೀಕ್ಷೆಗೆ, ಕೊನೆಗೆ ಸರ್ವಿಸ್ ಪುಸ್ತಕಕ್ಕೆ ನಡೆದುಕೊಂಡು ಬಂತು. ಆ ತಪ್ಪಿನಿಂದ ಅವರಿಗೆ ಹದಿನೆಂಟು ತುಂಬುವ ಮೊದಲೇ ಕೆಲಸವೂ ಸಿಕ್ಕಿತ್ತಂತೆ. ಆಗ ಸುಮ್ಮನಿದ್ದರು. ಅದನ್ನು ಹೇಳುವಾಗ ಅವರ ಕಣ್ಣು ನೆಲ ನೋಡುತ್ತಿತ್ತು. ರಿಜಿಸ್ಟರಿನಲ್ಲಿ ಒಂದಕ್ಷರ ತಿದ್ದದ ಮನುಷ್ಯ ಜೀವಮಾನವೆಲ್ಲ ಅಣ್ಣನ ವಯಸ್ಸಿನಲ್ಲಿ ನೌಕರಿ ಮಾಡಿದ್ದರು.

"ಹುಟ್ಟಿದ್ದನ್ನ ಕಣ್ಣಾರೆ ಕಂಡವರು ಒಬ್ಬರಾದ್ರೂ ಬಂದು ಹೇಳಿಕೆ ಕೊಟ್ರೆ ಬರೆದುಕೊಳ್ತೀನಿ ಅಂದಿದ್ದಾರೆ ಇನ್‌ಸ್ಪೆಕ್ಟರ್ ಸಾಹೇಬ್ರು" ಎಂದರು ಮೇಷ್ಟ್ರು. "ಹದಿನೈದನೇ ತಾರೀಖು ನಮ್ಮ ಸ್ಕೂಲಿಗೇ ಇನ್‌ಸ್ಪೆಕ್ಷನ್ನಿಗೆ ಬರ್ತಾರೆ. ಅವತ್ತೊಂದೇ ದಿನ. ಊರಲ್ಲಿ ಆ ಕಾಲದವರು ಯಾರೂ ಉಳಿದಿಲ್ಲ. ನೀವೊಬ್ರೇ."

"ಬತ್ತೀನಿ ಕಣಪ್ಪಾ. ಕಣ್ಣಿಲ್ದಿದ್ರೇನು, ಬಾಯೈತಲ್ಲ" ಎಂದಳು ಅಜ್ಜಿ.

ಅವರಿಗೆ ಐದು ವರ್ಷವೂ ಬೇಕಾಗಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಎರಡು. ಮಗಳನ್ನು ಅದೇ ವರ್ಷ ಟ್ರೈನಿಂಗಿಗೆ ಸೇರಿಸಿದ್ದರು, ಹಾಸ್ಟೆಲಿನಲ್ಲಿ ಇದ್ದಳು. ಸಂಬಳ ನಿಂತರೆ ಹಾಸ್ಟೆಲೂ ನಿಲ್ಲುತ್ತದೆ. ಅವಳು ಮೇಡಮ್ಮಾಗಿ ಒಂದು ಸ್ಕೂಲು ಹಿಡಿದರೆ ತಾವು ಯಾವತ್ತು ಬೇಕಾದರೂ ನೌಕರಿ ಬಿಟ್ಟು ಮನೆಗೆ ಹೋಗಲು ಸಿದ್ಧ ಎಂದರು. ಈ ಮಾತನ್ನು ನನಗೆ, ನನ್ನ ಮುಖ ನೋಡಿ ಹೇಳಿದರು.

ಕಾಫಿ ಕುಡಿದು ಎದ್ದರು. ವಠಾರದ ಬಾಗಿಲವರೆಗೆ ನಾನು ಹೋದೆ. ಇಷ್ಟು ಹೊತ್ತೂ ಒಂದು ಮಾತಿಗೆ ಕಾದಿದ್ದೆ. ಕ್ಷಮಿಸು ಎನ್ನಬೇಕಾಗಿರಲಿಲ್ಲ. "ನಿನಗೂ ಹೀಗೇ ಆಯಿತಲ್ಲಮ್ಮ" ಎಂದಿದ್ದರೆ ಸಾಕಿತ್ತು. ಅಷ್ಟು ಹೇಳಿದ್ದರೆ ಅಜ್ಜಿಯನ್ನು ಬೆನ್ನಮೇಲೆ ಹೊತ್ತುಕೊಂಡಾದರೂ ಹೋಗುತ್ತಿದ್ದೆ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಅವರು ಹೇಳಲಿಲ್ಲ. ಕೊನೆಗೆ ನಾನೇ ಬಾಯಿಬಿಟ್ಟೆ.

"ಮೇಷ್ಟ್ರೇ, ನಾನೂ ಟ್ರೈನಿಂಗಿಗೆ ಹೋಗಬೇಕಾಗಿತ್ತು. ವಯಸ್ಸು ಸಾಲದೆ ನಿಂತಿತು."

ಅವರು ಕೊಡೆ ಬಿಡಿಸುತ್ತಿದ್ದವರು ನಿಂತು ನನ್ನನ್ನು ದಿಟ್ಟಿಸಿ ನೋಡಿದರು. ನಿಜವಾಗಿ ಜ್ಞಾಪಿಸಿಕೊಳ್ಳಲು ಕಷ್ಟಪಟ್ಟರು.

"ಹೌದಾ? ನೀನು ಟ್ರೈನಿಂಗಿಗೆ ಹೋಗಬೇಕು ಅಂತಿದ್ದೆಯಾ? ನಂಗೆ ನೆನಪಿಲ್ಲಮ್ಮ. ಇರಲಿ ಬಿಡು, ಒಳ್ಳೇ ಮನೆ ಸೇರಿದ್ದೀಯಲ್ಲ."

ಆ ಕ್ಷಣ ನನಗೆ ಅವರ ಪೇಟ ಕಿತ್ತು ಚರಂಡಿಗೆಸೆಯಬೇಕು ಅನ್ನಿಸಿತು. ನನ್ನ ಇಡೀ ಬಾಳು ಅವರ ಒಂದು ಮಧ್ಯಾಹ್ನ, ಅದೂ ಮರೆತುಹೋದ ಮಧ್ಯಾಹ್ನ. ನಾನು ಮುಗುಳ್ನಕ್ಕೆ. ನನಗೆ ಅದು ಚೆನ್ನಾಗಿ ಬರುತ್ತದೆ.

"ಹದಿನೈದಕ್ಕೆ ನಾನೇ ಗಾಡಿ ಮಾಡ್ಕೊಂಡು ಬಂದು ಅಜ್ಜೀನ ಕರ್ಕೊಂಡು ಹೋಗ್ಲಾ?" ಎಂದು ಕೇಳಿದರು.

"ನಿಮಗ್ಯಾಕೆ ತೊಂದ್ರೆ ಮೇಷ್ಟ್ರೇ? ಇನ್‌ಸ್ಪೆಕ್ಷನ್ ದಿನ ನೀವು ಸ್ಕೂಲು ಬಿಟ್ಟು ಬರೋಕಾಗುತ್ತಾ? ನಾನೇ ಬೆಳಿಗ್ಗೆ ಬಸ್ಸಿಗೆ ಕರ್ಕೊಂಡು ಬರ್ತೀನಿ."

ಆಗಲೇ ತೀರ್ಮಾನ ಮಾಡಿದ್ದೆನೇ? ಮಾಡಿದ್ದೆ. ಆಮೇಲೆ ಮನಸ್ಸು ಬದಲಾಯಿತು, ಪರಿಸ್ಥಿತಿ ಕೈಮೀರಿತು ಎಂದೆಲ್ಲ ಹೇಳುವ ಹೆಂಗಸು ನಾನಲ್ಲ.

ಹದಿನೈದನೇ ತಾರೀಖು ಅಜ್ಜಿ ಕೋಳಿ ಕೂಗುವ ಮೊದಲೇ ಎದ್ದು ಸ್ನಾನ ಮಾಡಿ, ಮಡಿಸಿಟ್ಟ ಒಳ್ಳೆ ಸೀರೆ ಉಟ್ಟು, ಕಂಬಕ್ಕೆ ಒರಗಿ ಕೂತಿದ್ದಳು. ಸಾಹೇಬರ ಮುಂದೆ ಹೇಳಬೇಕಾದ್ದನ್ನು ಬಾಯಲ್ಲೇ ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದಳು. ಗುಡ್ಲು, ಒಂಬತ್ತು ದಿನ, ಅದೇ ಹೆಸರು. ನಾನು ಹತ್ತಿರ ಕೂತು, "ಅಜ್ಜೀ, ಸಾಹೇಬರು ಇವತ್ತು ಬರಲ್ವಂತೆ. ತಾರೀಖು ಮುಂದಕ್ಕೆ ಹಾಕವ್ರಂತೆ. ಮೇಷ್ಟ್ರು ಹೇಳಿ ಕಳಿಸಿದ್ರು" ಎಂದೆ.

"ಯಾವಾಗ್ಲಂತೆ?"

"ಹೇಳಿಕಳಿಸ್ತಾರಂತೆ."

ಅವಳು ಎದ್ದು ಗೋಡೆ ಹಿಡಿದು ಒಳಗೆ ಹೋಗಿ ಸೀರೆ ಬದಲಾಯಿಸಿ, ಒಳ್ಳೆಯದನ್ನು ಮಡಿಸಿಟ್ಟಳು. ಕಣ್ಣು ಕಾಣದವರು ಮಡಿಸಿದ ಸೀರೆ ಎಷ್ಟು ಓರಣವಾಗಿತ್ತೆಂದು ನನಗೆ ಇನ್ನೂ ನೆನಪಿದೆ.

ಅಷ್ಟಕ್ಕೇ ಸುಮ್ಮನಿದ್ದರೆ ನಾನು ಒಬ್ಬ ಸಾಧಾರಣ ಹೊಟ್ಟೆಕಿಚ್ಚಿನವಳು ಎನ್ನಬಹುದಿತ್ತು. ನಾನು ಸುಮ್ಮನಿರಲಿಲ್ಲ. ಅಜ್ಜಿಯನ್ನು ನೋಡಿಕೊಳ್ಳಿ ಎಂದು ತಮಿಳಮ್ಮನಿಗೆ ಹೇಳಿ, ತವರಿಗೆ ಹೋಗಿಬರುತ್ತೇನೆಂದು ಅತ್ತೆಗೆ ಹೇಳಿ, ಈಗಿನ ಶಿವಾಜಿನಗರದ ಕಡೆಯಿಂದ ಹೊಸಕೋಟೆಗೆ ಹೋಗುವ ಬಸ್ಸು ಹತ್ತಿದೆ. ಸ್ಕೂಲಿಗೆ ಒಂದು ನಿಲ್ದಾಣ ಮೊದಲೇ ಇಳಿದು ನಡೆದೆ. ಸ್ಕೂಲಿನ ಎದುರಿಗೆ ರಸ್ತೆಯಾಚೆ ಒಂದು ಸೌದೆ ಡಿಪೋ. ಅಲ್ಲಿ ಸೀಮೆಎಣ್ಣೆಗೆ ನಿಂತ ಹೆಂಗಸರ ಗುಂಪಿನಲ್ಲಿ ಸೆರಗನ್ನು ತಲೆಯ ಮೇಲೆಳೆದುಕೊಂಡು ನಿಂತೆ. ತವರುಮನೆ ಅಲ್ಲಿಂದ ಕೂಗಳತೆ. ಹೋಗಲಿಲ್ಲ.

ಮಾವಿನೆಲೆ ತೋರಣ ಕಟ್ಟಿದ್ದರು. ಸಾಹೇಬರ ಕಾರು ಬಂದು ನಿಂತಿತ್ತು. ಒಳಗಿನಿಂದ ಮಕ್ಕಳು ಮಗ್ಗಿ ಒಪ್ಪಿಸುವ ದನಿ. ಹತ್ತೂವರೆಯ ಬಸ್ಸು ಬಂದಾಗ ಮೇಷ್ಟ್ರು ಹೊರಗೆ ಬಂದರು. ಹೊಸದಾಗಿ ಒಗೆದು ಗಂಜಿ ಹಾಕಿದ ಪೇಟ. ಬಸ್ಸಿನಿಂದ ಇಳಿದವರನ್ನೆಲ್ಲ ನೋಡಿದರು, ಒಳಗೆ ಹೋದರು. ಹನ್ನೆರಡರ ಬಸ್ಸಿಗೆ ಮತ್ತೆ ಬಂದರು. ಈ ಸಲ ರಸ್ತೆಯವರೆಗೂ ಬಂದು, ಬಸ್ಸಿನ ಕಿಟಕಿಗಳಲ್ಲಿ ಇಣುಕಿ, ಕಂಡಕ್ಟರನ್ನು ಏನೋ ಕೇಳಿದರು. ಅವನು ಕೈ ಆಡಿಸಿ ಸೀಟಿ ಊದಿದ. ಎರಡು ಗಂಟೆಯ ಬಸ್ಸಿಗೆ ಅವರು ಓಡಿಬಂದರು. ಮೇಷ್ಟ್ರು ಓಡಿದ್ದನ್ನು ಊರಿನಲ್ಲಿ ಯಾರೂ ಕಂಡಿರಲಿಕ್ಕಿಲ್ಲ. ಪೇಟ ವಾಲಿತ್ತು. ಮುದುಕಿಯೊಬ್ಬಳು ಮೆಟ್ಟಿಲು ಇಳಿಯುತ್ತಿದ್ದಳು. ಅವಳ ತೋಳು ಹಿಡಿದು ಇಳಿಸಿ, ಮುಖ ನೋಡಿ, ಕೈಬಿಟ್ಟರು. ಆ ಮುದುಕಿ ಅವರಿಗೆ ಏನೋ ಹರಸಿ ತನ್ನ ದಾರಿ ಹಿಡಿದಳು. ಕಿಟಕಿಯಲ್ಲಿ ಮಕ್ಕಳ ತಲೆಗಳು. ಒಬ್ಬ ಹುಡುಗ ಮೇಷ್ಟ್ರ ಓಟವನ್ನು ಅಣಕಿಸಿ ತೋರಿಸುತ್ತಿದ್ದ, ಉಳಿದವರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ನನಗೂ ನಗು ಬಂತು. ಬಂತು ಎಂದು ಬರೆಯದಿದ್ದರೆ ಇಷ್ಟೆಲ್ಲ ಬರೆದೂ ದಂಡ.

ಮೂರು ಗಂಟೆಗೆ ಸಾಹೇಬರು ಹೊರಗೆ ಬಂದರು. ಮೇಷ್ಟ್ರು ಕೈಮುಗಿದುಕೊಂಡು ಪಕ್ಕದಲ್ಲಿ ನಡೆಯುತ್ತಾ ಏನೋ ಹೇಳುತ್ತಿದ್ದರು. ಸಾಹೇಬರು ಗಡಿಯಾರ ನೋಡಿದರು. ಕಾರಿನಲ್ಲಿ ಕೂತ ಮೇಲೂ ಒಂದು ನಿಮಿಷ ಬಾಗಿಲು ತೆಗೆದೇ ಇಟ್ಟುಕೊಂಡಿದ್ದರು. ಆಗ ಹೊಸಕೋಟೆಯ ಕಡೆಯಿಂದ ಹಲಸೂರಿನ ಬಸ್ಸು ಬಂತು. ನಾನು ಹತ್ತಿಕೊಂಡೆ.

ಎಂಟು ದಿನ ಬಿಟ್ಟು ಅವರು ಮತ್ತೆ ಬಂದರು. ನಾನು ಜಗಳಕ್ಕೆ ತಯಾರಾಗಿದ್ದೆ. ಬೈದಿದ್ದರೆ ನಾನೂ ಎಲ್ಲವನ್ನೂ ಹೊರಗೆ ಕಕ್ಕಿಬಿಡುತ್ತಿದ್ದೆ. ಅವರ ಕೈಯಲ್ಲಿ ನಾಲ್ಕು ಮೂಸಂಬಿ ಇತ್ತು.

"ಅಜ್ಜಿಗೆ ಹುಷಾರಿಲ್ವೇನೋ ಅಂತ ತಂದೆ."

ಅಷ್ಟು ಸುಲಭವಾಗಿ ಸುಳ್ಳನ್ನು ನನ್ನ ಕೈಗಿತ್ತರು. "ಹೌದು ಮೇಷ್ಟ್ರೇ, ಜ್ವರ. ಹಿಂದಿನ ದಿನದಿಂದ ಎದ್ದೇ ಇರಲಿಲ್ಲ. ಹೇಳಿ ಕಳಿಸೋಕೂ ಯಾರೂ ಇರಲಿಲ್ಲ" ಎಂದೆ.

"ನಾನೂ ಹಾಗೇ ಅಂದ್ಕೊಂಡೆ. ಈಗ ಹೇಗಿದಾರೆ?"

"ಮಲಗವ್ರೆ. ಸಾಹೇಬರನ್ನ ಇನ್ನೊಂದು ದಿನ ಕೇಳಬಾರದಿತ್ತಾ?"

"ಕೇಳಿದೆ. ಬಾಯಿಮಾತಿಗೆ ಅಂತ ಒಂದು ದಿನ ಕೊಟ್ಟಿದ್ದೇ ಹೆಚ್ಚು ಅಂದ್ರು. ಸರಿಯೇ ಅದು. ಎಲ್ಲರಿಗೂ ಒಂದೇ ರೂಲು." ಅವರಿಗೆ ಆ ರೂಲಿನ ಮೇಲೆ ಆಗಲೂ ಬೇಸರವಿರಲಿಲ್ಲ. ಆರ್ಡರು ಕೈಗೆ ಬಂದಿತ್ತು. ಮಗಳಿಗೆ ಕಾಗದ ಬರೆದಿದ್ದರು. ಅಜ್ಜಿಯನ್ನು ಎಬ್ಬಿಸಬೇಡ ಎಂದು ಬಾಗಿಲಲ್ಲೇ ತಿರುಗಿ ಹೋದರು.

ಅಜ್ಜಿ ಮಲಗಿರಲಿಲ್ಲ. ನಡುಮನೆಯ ಕಂಬಕ್ಕೆ ಒರಗಿ ಕೂತಿದ್ದಳು, ಅಲ್ಲಿಗೆ ಬಾಗಿಲ ಮಾತು ಕೇಳಿಸುತ್ತದೆ. ನಾನು ಮೂಸಂಬಿ ಸುಲಿದು ತೊಳೆ ಬಿಡಿಸಿ ಕೈಗಿಟ್ಟೆ. ಅವಳು ತಿನ್ನಲಿಲ್ಲ.

"ನಂಗೆ ಜ್ವರ ಬಂದಿದ್ದು ನಂಗೇ ಗೊತ್ತಿರಲಿಲ್ವಲ್ಲೇ" ಎಂದಳು.

 ಅವಳು ಮತ್ತೆ ಕೇಳಲಿಲ್ಲ, ನನ್ನ ಗಂಡನಿಗಾಗಲಿ ಯಾರಿಗಾಗಲಿ ಹೇಳಲೂ ಇಲ್ಲ. ಮಾರನೆಯ ದಿನ ತನ್ನನ್ನು ಹೊರಮಾವಿಗೆ ಕಳಿಸಿಬಿಡು ಎಂದಳು. ಕಣ್ಣಿನ ಆಪರೇಷನ್ನಿಗೆ ದಿನ ಗೊತ್ತಾಗಿತ್ತು, ಇನ್ನು ಹತ್ತು ದಿನ. ಎಷ್ಟು ಬೇಡಿಕೊಂಡರೂ ಕೇಳಲಿಲ್ಲ. "ಸಾಕು, ನೋಡಿದ್ದಾಯ್ತು" ಎಂದಳು. ಗಾಡಿ ಹತ್ತುವಾಗ ಹಿಡಿದುಕೊಳ್ಳಲು ಕೈ ಕೊಟ್ಟೆ. ಅವಳು ತಡವಿ ತಡವಿ ಗಾಡಿಯ ಗೂಟವನ್ನೇ ಹಿಡಿದು ಹತ್ತಿದಳು. ಆ ಮಳೆಗಾಲ ದಾಟಲಿಲ್ಲ. ನಾನು ಹೋಗುವಷ್ಟರಲ್ಲಿ ಮಣ್ಣಾಗಿತ್ತು.

ನಿವೃತ್ತಿಯಾದ ಮೇಲೂ ಮೇಷ್ಟ್ರು ಗಂಟೆ ಹೊಡೆಯುವ ಹೊತ್ತಿಗೆ ಸ್ಕೂಲಿನ ಹತ್ತಿರ ಹೋಗಿ ನಿಲ್ಲುತ್ತಿದ್ದರಂತೆ. ಹೊಸ ಹೆಡ್‌ಮೇಷ್ಟ್ರು ಎರಡು ವಾರ ನೋಡಿ, ಮಕ್ಕಳಿಗೆ ಪಾಠದ ಕಡೆ ಗಮನ ಬರುವುದಿಲ್ಲ, ದಯವಿಟ್ಟು ಬರಬೇಡಿ ಎಂದರಂತೆ. ಅವರು ಕೊಟ್ಟ ಕಾರಣವನ್ನು ನಮ್ಮ ಮೇಷ್ಟ್ರು ಒಪ್ಪಿಕೊಂಡರಂತೆ. ಇದನ್ನು ನನಗೆ ಹೇಳಿದವಳು ಅವರ ಮಗಳೇ. ಅವಳು ಹಾಸ್ಟೆಲಿನಿಂದ ಟ್ರಂಕು ಸಮೇತ ಬಂದುಬಿಟ್ಟಿದ್ದಳು. ಮೇಷ್ಟ್ರು ಗಂಡು ಹುಡುಕಲು ಶುರು ಮಾಡಿ, ನಮ್ಮವರೇ ಎಂದು ನನ್ನ ಗಂಡನನ್ನು ಕೇಳಿದರು. ನನ್ನ ಮೈದುನನಿಗೆ ಆಗ ಮದುವೆಯಾಗಿರಲಿಲ್ಲ. ಅತ್ತೆ ಖುಷಿಯಿಂದ ಕುಣಿದುಬಿಟ್ಟರು. ಗಂಡ ನನ್ನನ್ನೂ ಒಂದು ಮಾತು ಕೇಳಿದರು. ನಾನು ಬೇಡ ಎನ್ನಬಹುದಿತ್ತು, ಅವರು ಬಿಟ್ಟುಬಿಡುತ್ತಿದ್ದರು. ಒಳ್ಳೆ ಹುಡುಗಿ, ಕೆಲಸಕ್ಕೂ ಅನುಕೂಲ ಎಂದೆ. ನೀರಿಗೆ ಸಾಲು ನಿಲ್ಲಲು ಇನ್ನೊಬ್ಬಳು 'ಕಲೆಕ್ಟ್ರಮ್ಮ' ಬರುತ್ತಾಳಲ್ಲ ಎಂದೂ ಯೋಚಿಸಿದೆ. ಮುಚ್ಚಿಡುವುದೇಕೆ?

ಹಾಗೆ ಅವಳು ನನ್ನ ವಾರಗಿತ್ತಿಯಾಗಿ ಅದೇ ವಠಾರಕ್ಕೆ, ಅದೇ ಅಡುಗೆಮನೆಗೆ ಬಂದಳು. ಬಂದು ನಾಲ್ಕೋ ಐದೋ ದಿನವಾಗಿತ್ತು. ಗಂಡಸರು ಕೆಲಸಕ್ಕೆ ಹೋಗಿದ್ದರು, ಅತ್ತೆ ಸೋಮೇಶ್ವರನ ಗುಡಿಗೆ. ನಾನು ಮಣೆಯ ಮೇಲೆ ಕೂತು ಹುರುಳಿಕಾಯಿ ಸೋಸುತ್ತಿದ್ದೆ. ಅವಳು ಎದುರಿಗೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು.

"ಅಕ್ಕಾ, ಒಂದು ಕೇಳ್ಲಾ? ಅವತ್ತು ಅಜ್ಜಿಗೆ ಜ್ವರ ತುಂಬಾ ಜೋರಿತ್ತಾ?"

"ಜೋರಿತ್ತು" ಎಂದೆ.

"ಏಳೋಕೇ ಆಗ್ತಿರಲಿಲ್ವಾ?"

"ಆಗ್ತಿರಲಿಲ್ಲ."

 ಅವಳ ಕಣ್ಣಿನಿಂದ ನೀರು ದಳದಳ ಇಳಿಯಿತು. "ಹಾಸ್ಟೆಲಿಂದ ಬಂದಾಗಿಂದ ದಿನಾ ಅಜ್ಜೀನ ಬೈಕೋತಿದ್ದೆ ಅಕ್ಕಾ. ಒಂದು ದಿನ ಬಂದು ಹೋಗಿದ್ರೆ ಆ ಮುದುಕಿ ಗಂಟು ಏನು ಹೋಗ್ತಿತ್ತು, ಸಾಯ್ಲಿ ಅಂತ. ಅಪ್ಪ ಬೇಡ ಬೇಡ ಅನ್ನೋರು, ಪಾಪ ಕಾಯ್ಲೆಯಿತ್ತು ಅನ್ನೋರು. ನಾನೇ ಕೇಳ್ತಿರಲಿಲ್ಲ. ಸತ್ತೇ ಹೋದ್ರಂತಲ್ಲ. ನನ್ನ ಬಾಯಿ ತಾಗಿಬಿಡ್ತೇನೋ ಅಂತ ನಿದ್ದೇನೇ ಬರಲ್ಲ."

"ಹಾಗೆಲ್ಲ ತಾಗಲ್ಲ" ಎಂದೆ.

"ಅವರಿಲ್ಲ. ಅವರ ಕಡೆಯೋರು ಅಂತ ನೀವಿದ್ದೀರಲ್ಲ" ಎಂದು ಬೆಳ್ಳುಳ್ಳಿಯ ಮೊರ ಪಕ್ಕಕ್ಕೆ ಸರಿಸಿ, ಬಗ್ಗಿ ನನ್ನ ಎರಡೂ ಕಾಲು ಹಿಡಿದುಕೊಂಡಳು. "ಕ್ಷಮಿಸ್ದೆ ಅನ್ನಿ ಅಕ್ಕಾ."

ನಾನು ಕಾಲು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವಳ ತಲೆಯ ಮೇಲೆ ಕೈಯಿಟ್ಟು, "ಕ್ಷಮಿಸಿದ್ದೀನಿ, ಏಳು" ಎಂದೆ.